ಮೀಸೆ ಉಳಿಸಿಕೊಂಡವನು

ರೋಹಿಡಾಗಢ
3 ಮಾರ್ಚ್ 1938

ನನ್ನ ಪ್ರೀತಿಯ, ಪ್ರೀತಿಯ, ಅತಿ ಪ್ರೀತಿಯ ಕ್ಯಾಪ್ಟನ್ ಸಾಹೇಬರಿಗೆ,

ನೋಡಿ, ಮೂರು ಸಲ ಬರೆದಿದ್ದೇನೆ. ಗಂಡನಿಗೆ ಹೀಗೆಲ್ಲ ಬರೆಯುವ ಹೆಂಗಸು ಈ ಕೋಟೆ ಕಟ್ಟಿದ ಮೇಲೆ ನಾನೇ ಮೊದಲನೆಯವಳಿರಬೇಕು. ಅಜ್ಮೇರಿನ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಇಂಗ್ಲಿಷು ಕೊನೆಗೂ ಒಂದು ಉಪಯೋಗಕ್ಕೆ ಬಂತು: ದುಃಖವಾದಾಗ ಇಂಗ್ಲಿಷಿನಲ್ಲಿ ಗೊಣಗುತ್ತೇನೆ, ಯಾರಿಗೂ ಅರ್ಥವಾಗುವುದಿಲ್ಲ. ಆದರೆ ನನಗೆ ದುಃಖವೆಲ್ಲಿದೆ! ನಿಮ್ಮ ಕೋಟೆ ಎಷ್ಟು ಚೆನ್ನಾಗಿದೆ, ನಿಮ್ಮ ಕೆರೆ ಎಷ್ಟು ಚೆನ್ನಾಗಿದೆ, ನಿಮ್ಮ ನವಿಲುಗಳು ಎಷ್ಟು ಕೆಟ್ಟದಾಗಿ ಕಿರುಚುತ್ತವೆ!

ನಿನ್ನೆ ದಾತಾ ನನ್ನೊಂದಿಗೆ ಮಾತಾಡಿದರು. ಪರದೆಯ ಆಚೆ ಅವರು, ಈಚೆ ನಾನು, ನಡುವೆ ದಾಸಿ ಗುಲಾಬಾ. ನಿಮ್ಮ ತಂದೆಯ ಗಂಟಲು ಕೆರೆಯ ಆಚೆ ದಡಕ್ಕೂ ಕೇಳುತ್ತದೆ, ಆದರೂ ಗುಲಾಬಾ ಪ್ರತಿ ಮಾತನ್ನೂ ನನಗೆ ಇನ್ನೊಂದು ಸಲ ಹೇಳಿದಳು.

“ಸೊಸೆಗೆ, ನಮ್ಮ ಬೀಂದಣಿಗೆ ಹೇಳು, ಅವರ ಗಂಡನಿಗೆ ಬರೀಲಿ. ನನ್ನ ಎದೆ ಮೊದಲಿನ ಹಾಗಿಲ್ಲ. ದಸರಾದೊಳಗೆ ಸೈನ್ಯ ಬಿಟ್ಟು ಬರ್ಬೇಕು. ಸರ್ಕಾರದ ಕುದುರೆ ಮೇಲೂ ಕೂರ್ತೀನಿ, ನನ್ನ ಗದ್ದುಗೆ ಮೇಲೂ ಕೂರ್ತೀನಿ ಅಂದ್ರೆ ನಡೆಯಲ್ಲ. ಒಂದನ್ನ ಆರಿಸ್ಕೊಳ್ಲಿ.”

ಬರೆದಿದ್ದೇನೆ. ಆರಿಸಿಕೊಳ್ಳಿ. (ನನಗೆ ಗೊತ್ತು ನೀವು ಏನು ಆರಿಸುತ್ತೀರೆಂದು. ಮದುವೆಯಾದ ಮೂರನೆಯ ದಿನ ಬುರುಜಿನ ಮೇಲೆ ನಿಂತು ನೀವು ಕೆರೆಯನ್ನು ನೋಡಿದ ರೀತಿಯಲ್ಲಿ ನನ್ನನ್ನು ಇನ್ನೂ ನೋಡಿಲ್ಲ.)

ನಿಮ್ಮ ತಮ್ಮ ಡೂಂಗರ್ ಒಬ್ಬರೇ ನನಗೆ ಸ್ನೇಹಿತರು. ಸಾಂಡಣಿ ಒಂಟೆಯ ಹಾಲಿನಲ್ಲಿ ಕಸ್ಟರ್ಡ್ ಮಾಡಿದೆ, ಗಟ್ಟಿಯಾಗಲೇ ಇಲ್ಲ. “ಭಾಭೀಸಾ, ಇದನ್ನ ಕುಡಿಯೋದಾ, ತಿನ್ನೋದಾ, ಇಲ್ಲಾ ಗೋಡೆಗೆ ಬಳಿಯೋದಾ?” ಎಂದರು. ಮೀಸೆ ಸರಿಯಾಗಿ ಮೊಳೆತಿಲ್ಲ, ಮಾತು ನೋಡಿ.

ಮೀಸೆ ಎಂದಾಗ ನೆನಪಾಯಿತು. ರಾಣಿವಾಸದ ಮೆಟ್ಟಿಲ ಬಳಿ ಒಂದು ಫೋಟೋ ಇದೆಯಲ್ಲ, ನಿಮ್ಮ ಅಜ್ಜ ತೀರಿಕೊಂಡ ಹನ್ನೆರಡನೆಯ ದಿನದ್ದು? ಇಡೀ ವಂಶದ ಗಂಡಸರು ತಲೆ, ಮೀಸೆ ಬೋಳಿಸಿಕೊಂಡು ಸಾಲಾಗಿ ನಿಂತಿದ್ದಾರೆ. ದಾತಾ ಒಬ್ಬರು ಮಾತ್ರ ನಡುವೆ ಕೂತು, ಪೂರ್ತಿ ಮೀಸೆ ಹೊತ್ತು, ಕಲ್ಲಿನಂತೆ ನೋಡುತ್ತಿದ್ದಾರೆ! ನಾನು ನಕ್ಕು ನಕ್ಕು ಮೆಟ್ಟಿಲ ಮೇಲೆಯೇ ಕೂತುಬಿಟ್ಟೆ. ಅಪ್ಪನಿಗಿಂತ ಮೀಸೆಯೇ ಹೆಚ್ಚಾಯಿತೇ ನಿಮ್ಮ ತಂದೆಗೆ?

ನಿಮ್ಮ,
ಸಿರೇ


ರಿಸಾಲ್ಪುರ
10 ಮಾರ್ಚ್ 1938

ಪ್ರಿಯ ಸಿರೇ ಕಂವರ್,

ನಿಮ್ಮ ಪತ್ರ ಮೆಸ್ಸಿನಲ್ಲಿ ತೆರೆದೆ. ಮೊದಲ ಸಾಲು ಓದಿ ಮತ್ತೆ ಮಡಚಿ ಜೇಬಿಗೆ ಹಾಕಿ ಕುದುರೆ ಲಾಯಕ್ಕೆ ಹೋಗಿ ಓದಿದೆ.

ಇಲ್ಲಿ ಯಾರಿಗೂ ಮನಸ್ಸು ನಿಂತಲ್ಲಿ ನಿಲ್ಲುತ್ತಿಲ್ಲ. ನಮ್ಮ ರೆಜಿಮೆಂಟಿನ ಕುದುರೆಗಳನ್ನು ಚಳಿಗಾಲದ ಹೊತ್ತಿಗೆ ವಾಪಸು ತೆಗೆದುಕೊಂಡು ಉಕ್ಕು ಹೊದಿಸಿದ ಮೋಟಾರುಗಳನ್ನು ಕೊಡುತ್ತಾರಂತೆ. ಸವಾರರು ಗುಂಪಾಗಿ ನಿಲ್ಲುತ್ತಾರೆ, ಚದುರುತ್ತಾರೆ, ಮತ್ತೆ ನಿಲ್ಲುತ್ತಾರೆ. ನಮ್ಮ ಕಡೆಯವರೇ ಆದ ರಿಸಾಲ್ದಾರ್ ಕಾನ್ ಸಿಂಗ್ ಬೆಳಿಗ್ಗೆ ಕೇಳಿದರು: “ಹುಕುಂ, ಕುದುರೆಗಾದ್ರೆ ಬಾಯಿಗೆ ಬೆಲ್ಲ ಇಡ್ತೀವಿ. ಮೋಟಾರಿಗೆ ಎಲ್ಲಿಗೆ ಇಡೋದು?” ನನ್ನ ಕುದುರೆ ಹಿರಣ್ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿತ್ತು.

ಸ್ಕ್ವಾಡ್ರನ್ ಒಂದರ ಅಧಿಕಾರ ನನಗೆ ಬರಬಹುದು ಎಂಬ ಮಾತಿದೆ. ಮಾತು ಅಷ್ಟೇ.

ದಾತಾಗೆ ನಾನೇ ಉತ್ತರ ಬರೆಯುತ್ತೇನೆ, ಸ್ವಲ್ಪ ಸಮಯ ಬೇಕು. ಆ ಫೋಟೋದ ವಿಷಯ ಎದುರಿಗೆ ಸಿಕ್ಕಾಗ ಹೇಳುತ್ತೇನೆ. ಅವರಿಗೆ ಕೇಳುವ ಹಾಗೆ ಮಾತ್ರ ನಗಬೇಡಿ.

ಒಂದು ಪ್ರಶ್ನೆ. ಅಲ್ಲಿ ನಿಮಗೆ ನಿಜವಾಗಿಯೂ ಹಿಡಿಸಿದೆಯೇ?

ಅಖೈ ಸಿಂಗ್


ರೋಹಿಡಾಗಢ
20 ಮಾರ್ಚ್ 1938

ನನ್ನ ಬಂಗಾರದಂಥ ಕ್ಯಾಪ್ಟನ್ ಸಾಹೇಬರಿಗೆ,

ಹಿಡಿಸಿದೆಯೇ ಎಂದು ಕೇಳುತ್ತೀರಾ! ಸ್ವರ್ಗ! ಊರಾಚೆಯ ರೋಹಿಡಾ ಮರಗಳೆಲ್ಲ ಕೇಸರಿ ಹೂ ಬಿಟ್ಟಿವೆ. ಜಾಲಂಧ್ರದ ಒಂದೊಂದು ತೂತಿನಿಂದಲೂ ಒಂದೊಂದು ಮರ ಕಾಣುತ್ತದೆ, ಹತ್ತಿರ ಹೋಗಿ ನೋಡುವ ಅಗತ್ಯವೇ ಇಲ್ಲ. ಹೋಳಿ ಹಬ್ಬಕ್ಕೆ ಗಂಡಸರೆಲ್ಲ ಕೆಳಗೆ ಕುಣಿದರು, ನಾವು ಮೇಲಿಂದ ಕೇಳಿಸಿಕೊಂಡೆವು. ಎಂಥ ಸಂತೋಷ! ನಿಮ್ಮ ಪೂರ್ವಜರ ಮನೆಯಲ್ಲಿ ನಾನು ಅದೆಷ್ಟು ಸುಖವಾಗಿದ್ದೇನೆ ಎಂದು ನೀವು ಒಂದು ಕ್ಷಣವೂ ಅನುಮಾನಿಸಬಾರದು.

ಸಂಜೆ ತಾರಸಿಯ ಮೇಲೆ ನಡೆಯುತ್ತೇನೆ. ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ. ಅತ್ತೆಯವರು, “ಬೀಂದಣಿ, ಕಾಲಿಗೆ ಚಕ್ರ ಕಟ್ಕೊಂಡಿದ್ದೀರಾ? ನಿಮ್ಮನ್ನ ನೋಡ್ತಾ ನೋಡ್ತಾ ನಂಗೇ ತಲೆ ತಿರುಗ್ತಿದೆ, ಕೂತ್ಕೊಳ್ಳಿ” ಎಂದರು. ಕೂತೆ. ಮತ್ತೆ ಎದ್ದೆ.

ಕಾಕೋಸಾ ಭೋಪಾಲ್ ಸಿಂಗರ ಸೊಸೆ ಮೊನ್ನೆ ಗಂಡನ ಜೊತೆ ನಸೀರಾಬಾದ್ ಕಂಟೋನ್ಮೆಂಟಿಗೆ ಹೊರಟಳು. ಹೇಗೆ ಬಿಟ್ಟರು ಎಂದು ಕೇಳಿದೆ. ಅತ್ತೆ ಹೇಳಿದರು: “ಅವಳಿಗೇನು, ನಿಮ್ಮ ಚಿಕ್ಕಮಾವನ ಮನೆ ಸೊಸೆ. ಗಂಡ ಎಲ್ಲಿಗೆ ಹೋದ್ರೆ ಅಲ್ಲಿಗೆ. ಗದ್ದುಗೆಗೆ ಬಂದ ಸೊಸೆ ಮಾತ್ರ ಡೋಲಿಯಲ್ಲಿ ಒಳಗೆ ಬಂದ್ರೆ ಮುಗೀತು.” ನನಗೇನೂ ಹೊಟ್ಟೆಕಿಚ್ಚಿಲ್ಲ! ಸುಮ್ಮನೆ ಬರೆದೆ.

ರಿಸಾಲ್ಪುರದಲ್ಲಿ ಅಧಿಕಾರಿಗಳ ಹೆಂಡಂದಿರು ಕುದುರೆ ಸವಾರಿ ಮಾಡುತ್ತಾರಾ? ಇದೂ ಸುಮ್ಮನೆ ಕೇಳಿದ್ದು.

ಇನ್ನೊಂದು. ನಿಮ್ಮ ಮನೆಯಲ್ಲಿ ಕುದುರೆಮರಿಗೂ ಬಹುವಚನ. ನಿಮಗೆ ಒಮ್ಮೆಯಾದರೂ ನನ್ನನ್ನು “ನೀನು” ಎನ್ನಬೇಕೆನಿಸುವುದಿಲ್ಲವೇ? ಕಾಗದದ ಮೇಲೆ ಯಾರು ಕೇಳಿಸಿಕೊಳ್ಳುತ್ತಾರೆ?

ನಿಮ್ಮ, ಪೂರ್ತಿ ನಿಮ್ಮ,
ಸಿರೇ


ರಿಸಾಲ್ಪುರ
29 ಮಾರ್ಚ್ 1938

ಪ್ರಿಯ ಸಿರೇ ಕಂವರ್,

ನಿಮ್ಮ ಪತ್ರವನ್ನು ಹಲವು ಸಲ ಓದಿದೆ. ನಮ್ಮ ಮನೆ ನಿಮಗೆ ಇಷ್ಟು ಸಂತೋಷ ಕೊಟ್ಟಿದೆಯೆಂದು ನಾನು ಎಣಿಸಿರಲಿಲ್ಲ. ಅದನ್ನು ಓದಿದ ಮೇಲೆ ಹೆಚ್ಚು ಯೋಚಿಸಲಿಲ್ಲ.

ಇವತ್ತು ಕರ್ನಲ್ ಸಾಹೇಬರನ್ನು ಕಂಡು ಒಂದು ಕಾಗದ ಕೊಟ್ಟೆ. ವಿಷಯ ತೀರ್ಮಾನವಾದ ಮೇಲೆ ಬರೆಯುತ್ತೇನೆ. ನಿಮಗೆ ಖುಷಿಯಾಗುತ್ತದೆ ಎಂದುಕೊಂಡಿದ್ದೇನೆ.

ಇಲ್ಲಿ ಹೆಂಡಂದಿರು ಸವಾರಿ ಮಾಡುತ್ತಾರೆ.

ಅಖೈ ಸಿಂಗ್


ರೋಹಿಡಾಗಢ
21 ಏಪ್ರಿಲ್ 1938

ನನ್ನ ಸ್ಕ್ವಾಡ್ರನ್ ಕಮಾಂಡರ್ ಸಾಹೇಬರಿಗೆ,

ಹೌದು, ಊಹಿಸಿಬಿಟ್ಟೆ! ಮುಚ್ಚಿಟ್ಟರೆ ತಿಳಿಯುವುದಿಲ್ಲವೇ? ಆ ಕಾಗದ ಸ್ಕ್ವಾಡ್ರನ್ ಕೇಳಿ ಬರೆದದ್ದು. ಎಷ್ಟು ಹೆಮ್ಮೆಯಾಯಿತೆಂದರೆ ಓಡಿಹೋಗಿ ಅತ್ತೆಗೆ ಹೇಳಿಬಿಟ್ಟೆ. ಅವರು ಖುಷಿಪಡಲಿಲ್ಲ. ಅಕ್ಕಿ ಆರಿಸುತ್ತಿದ್ದವರು ಕೈ ನಿಲ್ಲಿಸಿ, “ಹಾಗಾದ್ರೆ ಅವನು ಬರಲ್ಲ ಅಂತಾಯ್ತು” ಎಂದರು. ಸಂಜೆಯ ಹೊತ್ತಿಗೆ ಕಾಕೋಸಾ ಭೋಪಾಲ್ ಸಿಂಗರಿಗೂ ಸುದ್ದಿ ಹೋಗಿತ್ತು. ಈ ಮನೆಯಲ್ಲಿ ಮಾತಿಗೆ ಮಾತ್ರ ಪರದೆ ಇಲ್ಲ.

ಮುಖ್ಯವಾದ ವಿಷಯವನ್ನು ಹಿಂದಕ್ಕೆ ತಳ್ಳುತ್ತಿದ್ದೇನೆ. ದಾತಾ ಹಾಸಿಗೆ ಹಿಡಿದಿದ್ದಾರೆ. ಎದೆ ನೋವು. ಡಾಕ್ಟರು ಬಂದು ಇಂಗ್ಲಿಷಿನಲ್ಲಿ ತಮಗೆ ತಾವೇ ಏನೋ ಹೇಳಿಕೊಂಡರು. ಪರದೆಯ ಹಿಂದಿದ್ದ ನನಗೆ ಅರ್ಥವಾಗುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ಅರ್ಥವಾಗದಿದ್ದರೆ ಚೆನ್ನಾಗಿತ್ತು. ಡೂಂಗರ್ ಹಗಲೂ ಇರುಳೂ ಅವರ ಕಾಲ ಬುಡದಲ್ಲೇ ಇದ್ದಾರೆ. ಅವರಿಗೂ ಜ್ವರ ಬಂದು ಬಂದು ಹೋಗುತ್ತಿದೆ, ಕ್ವಿನೈನ್ ಕುಡಿಯಿರೆಂದರೆ, “ನಿಮ್ಮ ಕಸ್ಟರ್ಡಿಗಿಂತ ಇದೇ ರುಚಿ” ಎನ್ನುತ್ತಾರೆ.

ರಜೆ ಸಿಕ್ಕರೆ ಬನ್ನಿ.

ಸಿರೇ


ರೋಹಿಡಾಗಢ
28 ಏಪ್ರಿಲ್ 1938

ನನ್ನ ಪ್ರೀತಿಯವರೇ,

ತಂತಿ ನಿಮಗೆ ಸಿಕ್ಕಿರುತ್ತದೆ. ದಾತಾ ನಿನ್ನೆ ಬೆಳಿಗ್ಗೆ ಹೋದರು. ನೋವಿಲ್ಲದೆ ಹೋದರು. ನಿಮ್ಮ ಹೆಸರು ಹೇಳಿದರು ಎಂದು ಡೂಂಗರ್ ಹೇಳಿದರು, ಆದರೆ ಡೂಂಗರ್ ಆಗ ಜ್ವರದಲ್ಲಿ ನಡುಗುತ್ತಿದ್ದರು.

ನೀವು ದೂರದಲ್ಲಿ ಕೂತು ಮನೆಯವರ ಚಿಂತೆ ಮಾಡುತ್ತೀರೆಂದು ಬರೆಯುತ್ತಿದ್ದೇನೆ. ಚಿಂತಿಸಬೇಡಿ, ನಿಮ್ಮ ಹೆಂಡತಿ ನಿಮ್ಮ ತಮ್ಮನನ್ನು ನೋಡಿಕೊಂಡಿದ್ದಾಳೆ. ಹೆಣ ಎತ್ತುವ ಹೊತ್ತಿಗೆ ಡೂಂಗರಿಗೆ ಮೈಮೇಲೆ ಎಚ್ಚರವಿರಲಿಲ್ಲ. ಆದರೂ ಎಬ್ಬಿಸಿ, ಬರಿಗಾಲಲ್ಲಿ, ಆ ಬೆಂಕಿಯಂಥ ಬಿಸಿಲಲ್ಲಿ ಕೆರೆಯ ಆಚೆಯವರೆಗೆ ನಡೆಸಿಕೊಂಡು ಹೋಗುವುದಕ್ಕೆ ಬಂದರು! ಕ್ಷೌರಿಕ ಬೇರೆ ಕತ್ತಿ ಮಸೆಯುತ್ತ ಬಾಗಿಲಲ್ಲಿ ಕೂತಿದ್ದ. ಅತ್ತೆ ಮೂಲೆ ಹಿಡಿದು ಕೂತಿದ್ದರು, ಯಾರ ಮಾತೂ ಅವರ ಕಿವಿಗೆ ಬೀಳುತ್ತಿರಲಿಲ್ಲ. ಆಗ ನಾನು ಮೊಟ್ಟಮೊದಲ ಸಲ ಹಿರಿ ಸೊಸೆಯಾದೆ. ಗುಲಾಬಾಳ ಕೈಲಿ ಹೇಳಿ ಕಳಿಸಿದೆ: “ಡೂಂಗರ್ ಸಿಂಗ್ ಮಸಣಕ್ಕೆ ಹೋಗಬಾರದು. ಕೋಟೆಯಲ್ಲೇ ಇರಬೇಕು. ಕ್ಷೌರವೂ ಬೇಡ. ಇದು ಅಖೈ ಸಿಂಗರ ಮಾತು.” ನಿಮ್ಮ ಹೆಸರು ಹಾಕಿದರೆ ಕೇಳುತ್ತಾರೆಂದು ಹಾಕಿದೆ. ಬೈಯಬೇಡಿ.

ಕಾಕೋಸಾ ನಿಮ್ಮ ಕತ್ತಿಯನ್ನು ಒರೆಯಲ್ಲಿಟ್ಟು ಎರಡು ಕೈಯಲ್ಲಿ ಹಿಡಿದು ದರ್ಬಾರಿನ ಕಡೆ ಹೋಗುತ್ತಿದ್ದರಂತೆ, ಯಾಕೋ ಗೊತ್ತಿಲ್ಲ. ನನ್ನ ಮಾತು ಕೇಳಿ ನಿಂತರು. “ಸ್ವತಃ ಅವನೇ ಹೇಳಿದ್ನಾ?” ಎಂದು ಎರಡು ಸಲ ಕೇಳಿದರು. ಗುಲಾಬಾ ಹೌದೆಂದಳು. ಕತ್ತಿಯನ್ನು ವಾಪಸು ಗೋಡೆಗೆ ತೂಗುಹಾಕಿ, ಕೊಳ್ಳಿ ಇಡಲು ತಾವೇ ಹೋದರು. ಒಬ್ಬರೂ ಎದುರು ಮಾತಾಡಲಿಲ್ಲ. ನನ್ನ ಮಾತಿಗೆ ಈ ಮನೆಯಲ್ಲಿ ಇಷ್ಟು ತೂಕವಿದೆಯೆಂದು ನನಗೇ ಗೊತ್ತಿರಲಿಲ್ಲ.

ನಿಮ್ಮ ಪಕ್ಕದಲ್ಲಿ ಇರಬೇಕಿತ್ತು ನಾನು.

ಸಿರೇ


ರಿಸಾಲ್ಪುರ
28 ಏಪ್ರಿಲ್ 1938

ಪ್ರಿಯ ಸಿರೇ ಕಂವರ್,

ತಂತಿ ನಿನ್ನೆ ಮಧ್ಯಾಹ್ನ ಬಂತು. ಗುಡ್ಡಗಳ ಕಡೆ ಗಲಾಟೆ ಇರುವುದರಿಂದ ಈ ವಾರ ಯಾರಿಗೂ ರಜೆ ಇಲ್ಲ. ಹನ್ನೆರಡನೆಯ ದಿನಕ್ಕೆ ಕೊಡುತ್ತೇವೆ ಎಂದಿದ್ದಾರೆ.

ಕಾನ್ ಸಿಂಗ್ ಮತ್ತು ನಮ್ಮ ಕಡೆಯ ಸವಾರರು ಜೊತೆಗೆ ಬಂದರು. ಕಾಬೂಲ್ ನದಿಯ ದಂಡೆಯಲ್ಲಿ ಸ್ನಾನ ಮಾಡಿದೆ. ತಲೆ, ಮೀಸೆ ತೆಗೆಸಿದೆ. ನೀರು ತುಂಬ ತಣ್ಣಗಿತ್ತು.

ನಮ್ಮ ತಾಯಿ ಮಾಸಾ ಅವರಿಗೆ ಇದನ್ನು ಓದಿ ಹೇಳಿ. ಪೂರ್ತಿ ಓದಿ.

ಅಖೈ ಸಿಂಗ್


ರೋಹಿಡಾಗಢ
2 ಮೇ 1938

ಕ್ಯಾಪ್ಟನ್ ಸಾಹೇಬರಿಗೆ,

ಇದನ್ನು ಹೇಗೆ ಬರೆಯಲಿ? ನಾನು ನಿಮ್ಮ ಮನೆಯನ್ನು ಕಳೆದುಬಿಟ್ಟೆ.

ನಿನ್ನೆ ಡೂಂಗರಿಗೆ ಜ್ವರ ಬಿಟ್ಟಿತು. ಎದ್ದವರೇ, “ದಾತಾನ್ನ ಯಾವಾಗ ಕರ್ಕೊಂಡು ಹೋಗೋದು?” ಎಂದರು. ಎಲ್ಲ ಆಗಿಹೋಗಿದೆ ಎಂದೆ. ಅವರು ಮೂಗಿನ ಕೆಳಗೆ ಕೈ ಇಟ್ಟು ನೋಡಿಕೊಂಡರು. ಮೀಸೆ ಇತ್ತು. “ಭಾಭೀಸಾ, ಏನ್ ಮಾಡಿದ್ರಿ? ಯಾರು ಹೇಳಿದ್ದು ನಿಮಗೆ?” ಎಂದು ಚಿಕ್ಕ ಮಗುವಿನ ಹಾಗೆ ಅತ್ತರು. ನನಗೆ ಆಗಲೂ ಅರ್ಥವಾಗಲಿಲ್ಲ. ಅತ್ತೆಯವರ ಮುಂದೆ ಹೋಗಿ ಕೂತೆ.

“ನಿಮ್ಮ ತವರಲ್ಲಿ ಗದ್ದುಗೆ ಇಲ್ಲ, ನಿಮಗೆ ಗೊತ್ತಾಗೋದು ಹೇಗೆ,” ಎಂದರು ಅತ್ತೆ. ಬೈದಿದ್ದರೆ ಚೆನ್ನಾಗಿತ್ತು. “ಗದ್ದುಗೆ ಒಂದು ಗಳಿಗೆ ಖಾಲಿ ಇರಬಾರ್ದು ಬೀಂದಣಿ. ಅದರ ಮೇಲೆ ಕೂರೋನು ಹೆಣದ ಹಿಂದೆ ಹೋಗಲ್ಲ. ಮೀಸೆ ತೆಗೆಸಲ್ಲ. ಅಳೋ ಹಾಗಿಲ್ಲ. ಉಳಿದವರೆಲ್ಲ ಹೋಗ್ತಾರೆ, ಅವನೊಬ್ಬ ಕೋಟೇಲಿ ಉಳೀತಾನೆ. ಹಿರಿಯೋನು ಊರಲ್ಲಿಲ್ಲ ಅಂದ್ರೆ ಅವನ ಕತ್ತಿಯನ್ನ ಗದ್ದುಗೆ ಮೇಲಿಟ್ಟು ಕಿರಿಯೋನು ಹೋಗಿ ಕೊಳ್ಳಿ ಇಡ್ತಾನೆ. ಕತ್ತಿ ತರ್ತಾ ಇದ್ರು. ನೀವು ಹೇಳಿ ಕಳಿಸಿದ್ರಿ, ಕಿರಿಯೋನು ಕೋಟೇಲಿ ಉಳೀಲಿ, ಅಖೈ ಮಾತಿದು ಅಂತ. ಅವನು ಸೈನ್ಯಾನೇ ಆರಿಸ್ಕೊಂಡ ಅಂತ ನೀವೇ ಮೊದಲು ಹೇಳಿದ್ರಲ್ಲ. ಎಲ್ರೂ ನಂಬಿದ್ರು.”

ಆ ಫೋಟೋ ನೋಡಿ ನಾನು ನಕ್ಕಿದ್ದೆ. ನೀವು ಯಾಕೆ ಆಗಲೇ ಹೇಳಲಿಲ್ಲ? ಒಂದು ಸಾಲು ಬರೆದಿದ್ದರೆ ಸಾಕಿತ್ತು! ಇಲ್ಲ, ನಿಮ್ಮನ್ನು ಅನ್ನುವುದಿಲ್ಲ. ತಪ್ಪು ನನ್ನದು. ನಿಮ್ಮ ಗದ್ದುಗೆಯನ್ನೂ ತೆಗೆದುಬಿಟ್ಟೆ, ಅಪ್ಪನ ಹಿಂದೆ ನಡೆಯುವುದನ್ನು ಆ ಹುಡುಗನಿಂದಲೂ ತೆಗೆದುಬಿಟ್ಟೆ.

ಆದರೆ ದಾರಿ ಇದೆ! ಕಾಕೋಸಾ ಹೇಳಿದ್ದಾರೆ: ಹನ್ನೆರಡನೆಯ ದಿನ ಪೇಟ ಕಟ್ಟುವವರೆಗೆ ಯಾವುದೂ ಮುಗಿದಿಲ್ಲ. ಅಖೈ ಮೀಸೆ ಹೊತ್ತು ಬಂದು ಗದ್ದುಗೆಯ ಮೇಲೆ ಕೂತರೆ ಡೂಂಗರ್ ತಾನೇ ಇಳಿದು ಮೀಸೆ ತೆಗೆಸುತ್ತಾನೆ. ಡೂಂಗರೂ ಹಾಗೇ ಎಂದರು. “ಅಣ್ಣನಿಗೆ ಬರೀರಿ, ಓಡಿ ಬರ್ಲಿ. ನಂಗಿದು ಬೇಡ. ನಂಗೆ ಭಯ ಆಗತ್ತೆ” ಎಂದರು. ಹೊರಡಿ. ಇದು ಸಿಕ್ಕ ಕ್ಷಣ ಹೊರಡಿ. ಹೇಗಿದ್ದೀರೋ ಹಾಗೇ ಬನ್ನಿ.

ಅದೇ ದಿನ, ಸಂಜೆ

ಪತ್ರ ಮುಚ್ಚುವ ಮೊದಲು ನಿಮ್ಮದು ಬಂತು. ಅತ್ತೆಗೆ ಓದಿ ಹೇಳಿದೆ. ಪೂರ್ತಿ ಓದಿ ಎಂದಿದ್ದಿರಿ, ಪೂರ್ತಿ ಓದಿದೆ. “ತಲೆ, ಮೀಸೆ ತೆಗೆಸಿದೆ” ಎಂಬಲ್ಲಿಗೆ ಬಂದಾಗ ಅತ್ತೆ ಕೈ ಎತ್ತಿದರು.

“ಇನ್ನೊಂದ್ಸಲ ಓದಿ,” ಎಂದರು.

ಓದಿದೆ.

“ಗಂಡ ಹೆಂಡ್ತಿ ಸೇರ್ಕೊಂಡು ಮಾಡಿದ್ರಾ ಇದನ್ನ?”

“ಇಲ್ಲ ಮಾಸಾ, ದೇವರಾಣೆ ಇಲ್ಲ. ನಂಗೇನೂ ಗೊತ್ತಿರ್ಲಿಲ್ಲ.”

“ಅವನಿಗೆ ಗೊತ್ತಿತ್ತು,” ಎಂದರು ಅತ್ತೆ. ಆಮೇಲೆ ಗುಲಾಬಾಳನ್ನು ಕರೆದು, ಡೂಂಗರಿಗೆ ಸೂತಕದ ಬಿಳಿಯ ಬಟ್ಟೆ ಬಿಡಿಸಿ ಗದ್ದುಗೆಯವರ ಕೆಂಪು ಅಂಗಿ ಕೊಡುವಂತೆ ಹೇಳಿದರು. ನನ್ನ ಕಡೆ ತಿರುಗಿ, “ನಿಮಗೆ ಇಲ್ಲಿ ಸುಖ ಇತ್ತಾ ಬೀಂದಣಿ?” ಎಂದು ಕೇಳಿದರು. ಮೂರು ತಿಂಗಳಲ್ಲಿ ನೀವು ಬಿಟ್ಟರೆ ಬೇರೆ ಯಾರೂ ಇದನ್ನು ಕೇಳಿರಲಿಲ್ಲ, ನಿಮಗೆ ನಾನು ಸುಳ್ಳು ಬರೆದಿದ್ದೆ. ಅತ್ತೆಯ ಮುಂದೆ ಸುಳ್ಳು ಬರಲಿಲ್ಲ. ಜಾಲಂಧ್ರದ ಕಲ್ಲಿಗೆ ಹಣೆ ಒತ್ತಿ ಒತ್ತಿ ನನ್ನ ಹಣೆಯ ಮೇಲೆ ಅದರ ಗುರುತು ಬಿದ್ದಿತ್ತು, ಅದನ್ನು ಮುಚ್ಚಲು ಬೋರ್ ಇಳಿಸಿ ಕಟ್ಟಿಕೊಳ್ಳುತ್ತಿದ್ದೆ. ಅತ್ತೆ ಆ ಹಣೆಯ ಆಭರಣವನ್ನು ಬೆರಳಿನಿಂದ ಮೇಲಕ್ಕೆ ಸರಿಸಿ ನೋಡಿದರು.

ನೀವು ಯಾಕೆ ಹೀಗೆ ಮಾಡಿದಿರಿ? ಸೈನ್ಯಕ್ಕಾಗಿಯೇ? ಕೆರೆಯನ್ನು ಅಷ್ಟು ಪ್ರೀತಿಸುವವರು ನೀವು.

ಸಿರೇ


ರಿಸಾಲ್ಪುರ
6 ಮೇ 1938

ಸಿರೇ,

ಈ ಪತ್ರವೂ ನಾನೂ ಒಂದೇ ರೈಲಿನಲ್ಲಿ ಬರಬಹುದು. ಆದರೂ ಬರೆಯುತ್ತಿದ್ದೇನೆ. ಅಷ್ಟೊಂದು ನೆಂಟರ ನಡುವೆ ನಿನ್ನೊಂದಿಗೆ ಮಾತಾಡಲು ನನ್ನಿಂದ ಆಗುವುದಿಲ್ಲ.

ಮಾರ್ಚಿನಲ್ಲಿ ಕರ್ನಲ್ ಸಾಹೇಬರಿಗೆ ಕೊಟ್ಟ ಕಾಗದ ಸ್ಕ್ವಾಡ್ರನ್ ಕೇಳಿದ್ದಲ್ಲ, ರಾಜೀನಾಮೆ. ನೀನು ಸ್ವರ್ಗ ಎಂದು ಬರೆದಿದ್ದೆ. ಆ ಸ್ವರ್ಗದಿಂದ ನಿನ್ನನ್ನು ಕೆಳಗಿಳಿಸುವುದು ಬೇಡ ಎಂದುಕೊಂಡೆ. ನೀನು ತಪ್ಪು ಊಹಿಸಿದ್ದೀಯೆಂದು ಏಪ್ರಿಲ್ ಪತ್ರದಿಂದ ತಿಳಿಯಿತು. ಆದರೆ ಅದಾಗಿ ಒಂದೆರಡು ದಿನಕ್ಕೇ ತಂತಿ ಬಂತು. ಕೆರೆಯನ್ನು ನಾನು ಪ್ರೀತಿಸುತ್ತೇನೆ, ಅದು ನಿಜ. ಆದರೆ ಅದರ ದಂಡೆಯ ಮೇಲೆ ಕೂತು ಆಚೆಯ ಮಸಣವನ್ನೇ ನೋಡುತ್ತಿದ್ದ ಅಪ್ಪನ ಮುಖವೂ ನನಗೆ ಗೊತ್ತು.

ಆ ಫೋಟೋ ತೆಗೆದ ದಿನ ನನಗೆ ಆರು ವರ್ಷ. ಬೆಳೆದ ಮೇಲೆ ಒಮ್ಮೆ, ಇಬ್ಬರೂ ಮೊಲದ ಬೇಟೆಗೆ ಹೋಗಿದ್ದಾಗ, ಅವರೇ ಹೇಳಿದರು: “ಅವತ್ತು ನಾನು ಕಿಟಕೀಲಿ ನಿಂತು ಹೊಗೆ ನೋಡಿದೆ ಅಖೈ. ಹೊಲ ಉಳೋನ ಮಗನೂ ಅಪ್ಪನ ಜೊತೆ ಕೆರೆ ತನಕ ಹೋಗ್ತಾನೆ. ನಂಗೆ ಬಿಡ್ಲಿಲ್ಲ. ಗದ್ದುಗೆಗೆ ಕೂತವನು ಮಗ ಅಲ್ಲ ಅಂದ್ರು.” ಇದನ್ನು ಕಾಗದದಲ್ಲಿ ಬರೆಯಲು ನನಗೆ ಮನಸ್ಸಾಗಲಿಲ್ಲ. ಬರೆಯಬೇಕಿತ್ತು.

ತಂತಿ ಬಂದಾಗ ಸವಾರರೆಲ್ಲ ಲಾಯದ ಮುಂದೆ ನಿಂತಿದ್ದರು. ಕಾನ್ ಸಿಂಗ್ ತಲೆ ತಗ್ಗಿಸಿ ಕೇಳಿದರು: “ಹುಕುಂ, ಕ್ಷೌರಿಕನಿಗೆ ಹೇಳಲಾ, ಬೇಡ್ವಾ?” ಬೇಡ ಎಂದರೆ ಆ ಕ್ಷಣದಿಂದ ನಾನು ಗದ್ದುಗೆಯ ಒಡೆಯ, ಠಾಕೂರ. ಹೇಳಿ ಎಂದೆ. ರಾಜೀನಾಮೆಯ ನೆನಪು ಆಮೇಲೆ ಬಂತು, ಆ ಹೊತ್ತಿಗೆ ಅರ್ಧ ಮೀಸೆ ಹೋಗಿತ್ತು. ಎರಡೂ ಕೈ ಖಾಲಿಯಾದವು ಎಂದುಕೊಂಡು ನದಿಗಿಳಿದೆ. ನಿನ್ನೆ ಕರ್ನಲ್ ಸಾಹೇಬರ ಬಳಿ ಹೋದೆ. ಅವರು ಮೇಜಿನ ಡ್ರಾಯರಿನಿಂದ ಅದೇ ಕಾಗದ ತೆಗೆದು ಕೊಟ್ಟರು. “ಹೊಸದಾಗಿ ಮದುವೆಯಾದವರು ಕೊಟ್ಟ ಕಾಗದವನ್ನ ನಾನು ತಕ್ಷಣ ಮೇಲಕ್ಕೆ ಕಳಿಸಲ್ಲ,” ಎಂದರು. ಸ್ಕ್ವಾಡ್ರನ್ ಮಾತ್ರ ಬೇರೆಯವರಿಗೆ ಹೋಗಿದೆ. ಕುದುರೆಗಳಿರುವ ಮನೆ ಬಿಟ್ಟು ಕುದುರೆಗಳಿಲ್ಲದ ರೆಜಿಮೆಂಟಿಗೆ ಉಳಿದವನು ನಾನೊಬ್ಬನೇ ಇರಬೇಕು. ಈ ಕೊಡು-ಕೊಳ್ಳುವಿಕೆ ಸರಿಯೋ ತಪ್ಪೋ ನನಗೆ ಇನ್ನೂ ಗೊತ್ತಿಲ್ಲ. ಮನಸ್ಸು ನಿಂತಿಲ್ಲ. ಹಿರಣ್ ಚಳಿಗಾಲದವರೆಗೆ ಇರುತ್ತದೆ. ಅಷ್ಟರೊಳಗೆ ನೀನು ಸವಾರಿ ಕಲಿಯಬಹುದು.

ಬಂಗಲೆ ಎರಡು ಕೋಣೆಯದು, ಮಾಡು ಸೋರುತ್ತದೆ, ನವಿಲುಗಳಿಲ್ಲ. ಗಂಟು ಕಟ್ಟು.

ಡೂಂಗರ್ ಹೆದರಿದ್ದಾನೆ ಎಂದು ಬರೆದಿದ್ದೀಯ. ಹೆದರುವವನ ಕೈಯಲ್ಲಿ ಊರು ಸುಖವಾಗಿರುತ್ತದೆ ಎಂದು ಅವನಿಗೆ ಹೇಳುತ್ತೇನೆ. ಪೇಟದ ಮೊದಲ ಸುತ್ತು ನಾನೇ ಕಟ್ಟುತ್ತೇನೆ. ಅಪ್ಪನ ಕಾಲ ಬುಡದಲ್ಲಿ ಕೂತಿದ್ದವನು ಅವನು, ಮಸಣಕ್ಕೆ ಅವನು ಇನ್ನು ಹೋಗುವಂತಿಲ್ಲ. ಅವನ ಪಾಲಿನ ನೀರನ್ನೂ ನಾನೇ ಬಿಟ್ಟು ಬರುತ್ತೇನೆ.

ಹನ್ನೆರಡನೆಯ ದಿನ ಫೋಟೋ ತೆಗೆಯಲು ಜೋಧಪುರದಿಂದ ಯಾರಾದರೂ ಬಂದೇ ಬರುತ್ತಾರೆ. ನಾನು ಹಿಂದಿನ ಸಾಲಿನಲ್ಲಿ ಬೋಳು ಮುಖ ಹೊತ್ತು ನಿಂತಿರುತ್ತೇನೆ, ನೋಡಿ ನಗು, ಪರವಾಗಿಲ್ಲ. ನಡುವೆ ಅವನೊಬ್ಬ ಕೂತಿರುತ್ತಾನೆ, ಮೀಸೆ ಎನ್ನಲೂ ಆಗದ ಆ ನಾಲ್ಕು ಕೂದಲು ಉಳಿಸಿಕೊಂಡು, ಕಲ್ಲಿನಂತೆ ನೋಡುತ್ತ. ಮುಂದೊಂದು ದಿನ ಅವನ ಹೆಂಡತಿ ಆ ಮೆಟ್ಟಿಲ ಬಳಿ ನಿಂತು ನಗುತ್ತಾಳೆ. ಆಗ ಅವಳಿಗೆ ನೀನು ಅದೇ ದಿನ, ಅಲ್ಲೇ, ಎಲ್ಲವನ್ನೂ ಹೇಳಿಬಿಡು. ಎದುರಿಗೆ ಸಿಕ್ಕಾಗ ಎಂದು ಇಟ್ಟುಕೊಳ್ಳಬೇಡ.

ಅಖೈ